ಬದನಿಕೆಯೂ ಸಂಜೀವಿನಿಯೂ

ಸಾವಿಗೆ ಮದ್ದಿಲ್ಲವೆಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಆ ಮದ್ದನ್ನು ಹುಡುಕುವುದನ್ನು ಮಾತ್ರ ಯಾರೂ ಬಿಟ್ಟಿಲ್ಲ. ದೇವತೆಗಳು ಕಡಲನ್ನು ಕಡೆದರು. ಹನುಮಂತನು ಬೆಟ್ಟವನ್ನು ಕಿತ್ತು ತಂದನು. ಉತ್ತರಾಖಂಡದ ಸರ್ಕಾರವು 2016ರಲ್ಲಿ ಸಂಜೀವಿನಿಯ ಶೋಧಕ್ಕೆಂದು 25 ಕೋಟಿ ರೂಪಾಯಿಗಳನ್ನು ತೆಗೆದಿರಿಸುವುದಾಗಿ ಸಾರಿತು. ಹೀಗಿರುವಾಗ ನಮ್ಮ ಕಾಲೇಜಿನ ಹುಡುಗನೊಬ್ಬನು ನಾಲ್ಕು ಹಾಳೆಯ ಕಥೆಯಲ್ಲಿ ಆ ಮದ್ದನ್ನು ಕಂಡುಹಿಡಿದುಬಿಟ್ಟರೆ ಅಚ್ಚರಿಪಡಬೇಕಾದುದೇನೂ ಇಲ್ಲ.

ಕಾಲೇಜಿನ ವಾರ್ಷಿಕ ಸಂಚಿಕೆಗೆ ಬಂದ ಕಥೆಯದು. ಮಸಣದಲ್ಲಿ ಒಂದು ಬಳ್ಳಿ. ಹೂಳಿದ ಹೆಣದಲ್ಲಿ ಅದು ಬೇರೂರುತ್ತದೆ. ಬೇರುಗಳು ನರಗಳ ಜಾಗವನ್ನು ಹಿಡಿಯುತ್ತವೆ. ಮೂರನೆಯ ದಿನ ಸತ್ತವನು ಎದ್ದು ಬಂದು ತನ್ನ ಮನೆಯ ಬಾಗಿಲನ್ನು ತಟ್ಟುತ್ತಾನೆ. ಮನೆಯವರು ಹಿಗ್ಗಿನಿಂದ ಒಳಗೆ ಕರೆದುಕೊಳ್ಳುತ್ತಾರೆ. ಆದರೆ ಅವನು ಉಣ್ಣುವುದಿಲ್ಲ. ನೀರನ್ನು ಮಾತ್ರ ಕುಡಿಯುತ್ತಾನೆ. ಹಗಲೆಲ್ಲ ಬಿಸಿಲಿಗೆ ಮುಖವೊಡ್ಡಿ ಕುಳಿತಿರುತ್ತಾನೆ. ಒಂದು ದಿನ ಅವನ ಕಿವಿಯ ಹಿಂದೆ ಮೂಡಿದ ಚಿಗುರೆಲೆಯೊಂದು ಹೆಂಡತಿಯ ಕಣ್ಣಿಗೆ ಬೀಳುತ್ತದೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ನಾನು ಅದನ್ನು ಸಸ್ಯಶಾಸ್ತ್ರದ ಅಧ್ಯಾಪಕರಾದ ಮಿತ್ರರಿಗೆ ಓದಲು ಕೊಟ್ಟೆ. ಅವರು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟು, “ಕಥೆ ಚೆನ್ನಾಗಿದೆ ಸ್ವಾಮಿ, ಬಳ್ಳಿಗೆ ಮಾತ್ರ ಬುದ್ಧಿಯಿಲ್ಲ” ಎಂದರು. “ಅನ್ಯರ ಮೇಲೆ ಬದುಕುವ ಗಿಡ ಹೆಣವನ್ನೇಕೆ ಹಿಡಿದೀತು? ಅದಕ್ಕೆ ಬೇಕಾದುದು ಜೀವಂತ ಆಸರೆ.” ಅನಂತರ ನನ್ನನ್ನು ಕಿಟಕಿಯ ಬಳಿಗೆ ಕರೆದು, ಆವರಣದ ಹಳೆಯ ಮಾವಿನ ಮರವನ್ನು ತೋರಿಸಿದರು.

ಬದನಿಕೆಯನ್ನು ನೋಡದ ವಾಚಕರು ಇರಲಾರರು. ಪೇಟೆಯಲ್ಲಿರುವವರೂ ರಸ್ತೆಬದಿಯ ಮರಗಳಲ್ಲಿ ಅದನ್ನು ಕಂಡೇ ಇರುತ್ತಾರೆ. ಬಂದಳಿಕೆಯೆಂಬುದೂ ಅದರ ಹೆಸರೇ. ಪುಟ್ಟ ಹಕ್ಕಿಯೊಂದು ಅದರ ಹಣ್ಣನ್ನು ತಿಂದು, ಅಂಟಾದ ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸಿ ಹೋಗುತ್ತದೆ. ಬೀಜವು ಅಲ್ಲಿಯೇ ಮೊಳೆತು, ನೆಲವನ್ನು ಎಂದೂ ಮುಟ್ಟದೆ, ತೊಗಟೆಯೊಳಕ್ಕೆ ತನ್ನ ಚೂಷಕವನ್ನು ಇಳಿಸಿ ಮರದ ನೀರನ್ನೂ ಲವಣವನ್ನೂ ಹೀರಿಕೊಳ್ಳುತ್ತದೆ. ಹಸಿರೆಲೆಗಳಿರುವುದರಿಂದ ಅಡುಗೆಯನ್ನು ಮಾತ್ರ ತಾನೇ ಮಾಡಿಕೊಳ್ಳುತ್ತದೆ. ಅದು ಕುಳಿತಲ್ಲಿಂದ ಆಚೆಗೆ ಕೊಂಬೆಯು ಸೊರಗುತ್ತ ಹೋಗುತ್ತದೆ. ಎಷ್ಟೋ ವೇಳೆ ಒಣಗಿಯೇ ಹೋಗುತ್ತದೆ. ಬೇಸಿಗೆಯಲ್ಲಿ ಎಲೆಯುದುರಿದ ಮರದ ಮೇಲೆ ಇದೊಂದೇ ಹಸಿರಾಗಿ ನಿಂತಿರುವುದನ್ನು ದೂರದಿಂದ ಕಂಡವರು ‘ಮರ ಚಿಗುರಿದೆ’ ಎಂದುಕೊಳ್ಳುತ್ತಾರೆ. ಚಿಗುರಿರುವುದು ಮರವಲ್ಲ. ಆದರೂ ಮರ ಸತ್ತರೆ ಬದನಿಕೆಗೂ ಉಳಿವಿಲ್ಲ. ಹೆಣವನ್ನು ಎಬ್ಬಿಸುವುದಿರಲಿ, ಹೆಣದ ಮೇಲೆ ಅದು ಬಹುಕಾಲ ಬದುಕಲೂ ಆರದು.

“ಹಾಗಾದರೆ ಇರುವೆಗಳ ಕಥೆ?” ಎಂದೆ. 2013ರಲ್ಲಿ ‘ದಿ ಲಾಸ್ಟ್ ಆಫ್ ಅಸ್’ ಎಂಬ ಕಂಪ್ಯೂಟರ್ ಆಟವೂ 2023ರಲ್ಲಿ ಅದೇ ಹೆಸರಿನ ಧಾರಾವಾಹಿಯೂ ಬಂದಂದಿನಿಂದ ಹುಡುಗರ ಬಾಯಲ್ಲಿ ಅದರದೇ ಮಾತು. ಮಿತ್ರರು ನಕ್ಕರು. ಅದು ಗಿಡವೇ ಅಲ್ಲ, ಶಿಲೀಂಧ್ರ. ಕಾಡಿನ ಇರುವೆಯೊಂದರ ಮೈಯನ್ನು ಅದು ಹೊಕ್ಕರೆ, ಇರುವೆಯು ತನ್ನ ಗೂಡನ್ನು ಬಿಟ್ಟು, ಗಿಡವನ್ನೇರಿ, ಎಲೆಯ ನರವನ್ನು ಬಾಯಿಂದ ಕಚ್ಚಿ ಹಿಡಿದು ಅಲ್ಲಿಯೇ ಸಾಯುತ್ತದೆ; ಆಮೇಲೆ ಅದರ ತಲೆಯಿಂದ ಶಿಲೀಂಧ್ರದ ಕಾಂಡವೊಂದು ಹೊರಡುತ್ತದೆ. ಶಿಲೀಂಧ್ರದ ಕಣಗಳು ಇರುವೆಯ ಸ್ನಾಯುಗಳನ್ನೆಲ್ಲ ಬಲೆಯಂತೆ ಸುತ್ತಿಕೊಂಡರೂ ಮಿದುಳನ್ನು ಹೊಗುವುದಿಲ್ಲವೆಂಬುದನ್ನು 2017ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ನಡೆಯುವಾಗ ಆ ಇರುವೆ ಸತ್ತಿರುವುದಿಲ್ಲ. ಸತ್ತ ಮೇಲೆ ನಡೆಯುವುದಿಲ್ಲ. ಒಟ್ಟಿನಲ್ಲಿ, ಸತ್ತವರನ್ನು ಎಬ್ಬಿಸುವ ಉಪಕಾರಬುದ್ಧಿ ನಿಸರ್ಗದ ಯಾವ ಪರಾವಲಂಬಿಗೂ ಇಲ್ಲವೆಂದಾಯಿತು.

ಆದರೆ ಕಥೆಗಳಿಗೆ ಆ ಬುದ್ಧಿ ಉಂಟು. ಸಸ್ಯಶಾಸ್ತ್ರವು ಕೈಬಿಟ್ಟ ಹುಡುಗನನ್ನು ಕನ್ನಡ ಮೇಷ್ಟರಾದರೂ ಕೈಹಿಡಿಯಬೇಡವೆ? ವಾಲ್ಮೀಕಿ ರಾಮಾಯಣದಲ್ಲಿ ಜಾಂಬವಂತನು ಹೇಳುವ ಮೂಲಿಕೆಗಳು ನಾಲ್ಕು. ಅವುಗಳಲ್ಲಿ ಒಂದು ಮೃತಸಂಜೀವಿನಿ. ಹನುಮಂತನು ಶಿಖರವನ್ನೇ ತಂದಿಳಿಸಿದಾಗ, ಬರಿಯ ಕಂಪಿನಿಂದಲೇ ಸತ್ತ ಕಪಿಗಳೆಲ್ಲ ನಿದ್ದೆ ತಿಳಿದವರಂತೆ ಎದ್ದರು. ರಾಕ್ಷಸರು ಮಾತ್ರ ಏಳಲಿಲ್ಲ. ಏಕೆಂದರೆ, ಸತ್ತವರ ಲೆಕ್ಕ ಹಗೆಗೆ ತಿಳಿಯಬಾರದೆಂದು ರಾವಣನು ತನ್ನವರ ಹೆಣಗಳನ್ನು ಕಡಲಿಗೆ ಎಸೆಸಿದ್ದನು! ಈ ಮೂಲಿಕೆ ಯಾವುದಿದ್ದೀತೆಂದು ಕೆ. ಎನ್. ಗಣೇಶಯ್ಯನವರೂ ಅವರ ಸಹೋದ್ಯೋಗಿಗಳೂ 2009ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಚರ್ಚಿಸಿದ್ದಾರೆ. ಅವರು ಆರಿಸಿದವುಗಳಲ್ಲಿ ಒಂದು, ಒಣಗಿ ಮುದುರಿ ಸತ್ತಂತೆ ಬಿದ್ದಿದ್ದು ನೀರು ಸೋಕಿದೊಡನೆ ಹಸಿರಾಗಿ ಬಿಚ್ಚಿಕೊಳ್ಳುವ ಪುಟ್ಟ ಸಸ್ಯ. ಪರರನ್ನು ಬದುಕಿಸುವ ಮೊದಲು ತಾನು ಬದುಕಿ ತೋರಿಸುವ ಈ ಮದ್ದು ನನಗೆ ಮೆಚ್ಚಿಗೆಯಾಯಿತು.

ಇನ್ನೊಂದು ಬಗೆಯ ಏಳುವಿಕೆಯೂ ಉಂಟು. ‘ಚಂದಮಾಮ’ವನ್ನು ಓದಿ ಬೆಳೆದವರಿಗೆ ಬೇತಾಳನ ಪರಿಚಯ ಮಾಡಿಕೊಡಬೇಕಾಗಿಲ್ಲ. ರಾಜನ ಹೆಗಲ ಮೇಲಿನ ಹೆಣ ಮಾತಾಡುತ್ತದೆ, ಕಥೆ ಹೇಳುತ್ತದೆ, ನಗುತ್ತದೆ; ಆದರೆ ದನಿ ಆ ಸತ್ತವನದಲ್ಲ. ಅವನು ಯಾರ ಮಗ, ಯಾರ ಗಂಡ ಎಂಬುದನ್ನು ಬೇತಾಳನು ಕೇಳುವುದೇ ಇಲ್ಲ. ಸಂಜೀವಿನಿಯಿಂದ ಏಳುವವನು ಸತ್ತವನೇ. ಬೇತಾಳನಿಂದ ಏಳುವವನು ಬೇರೆಯವನು. ನಮ್ಮ ಹುಡುಗನ ಬಳ್ಳಿ ಈ ಎರಡನೆಯ ಕುಲಕ್ಕೆ ಸೇರಿದ್ದು.

ಇದನ್ನು ಇಷ್ಟು ಉದ್ದಕ್ಕೆ ಹೇಳುವುದಕ್ಕೆ ಕಾರಣವಿದೆ. ನಮ್ಮ ತಂದೆಯವರು ತೀರಿಕೊಂಡು ಎರಡು ವರ್ಷವಾಯಿತು. ಕಳೆದ ಬೇಸಿಗೆಯಲ್ಲಿ ಅಕ್ಕನ ಮಗ ಊರಿಗೆ ಬಂದಿದ್ದನು; ಕಂಪ್ಯೂಟರ್ ಕೆಲಸದಲ್ಲಿರುವ ಬುದ್ಧಿವಂತ ಹುಡುಗ. “ಮಾವ, ತಾತನ ದನಿಯ ನಾಲ್ಕಾರು ತುಣುಕುಗಳಿದ್ದರೆ ಸಾಕು, ಯಂತ್ರ ಅವರ ಹಾಗೆಯೇ ಮಾತಾಡುತ್ತದೆ. ಅಜ್ಜಿ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ. ಪಾಪ, ಒಬ್ಬರೇ ಕುಳಿತಿರುತ್ತಾರಲ್ಲ” ಎಂದನು. ಅವನ ಮಾತಿನಲ್ಲಿ ಕಪಟವಿರಲಿಲ್ಲ, ಪ್ರೀತಿಯೇ ಇತ್ತು. ಆ ದನಿಯನ್ನು ಇನ್ನೊಮ್ಮೆ ಕೇಳಬೇಕೆಂಬ ಆಸೆ ನನ್ನಲ್ಲಿಯೂ ಇತ್ತು. ಅವರನ್ನು ಕೇಳಬೇಕೆಂದುಕೊಂಡಿದ್ದ ಮಾತೊಂದು ಇಂದಿಗೂ ನನ್ನಲ್ಲಿಯೇ ಉಳಿದಿದೆ.

ಅಮ್ಮ ಹೂ ಕಟ್ಟುತ್ತಿದ್ದರು. ಮೊಮ್ಮಗ ಹೇಳುವುದನ್ನೆಲ್ಲ ಸಮಾಧಾನದಿಂದ ಕೇಳಿ, ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟು, “ಆ ತರಕಾರಿಯದನ್ನು ಹಾಕಪ್ಪ” ಎಂದರು. ಅದರಲ್ಲಿ ತಂದೆಯವರು ಎಂದೋ ಕಳಿಸಿದ್ದ ಸಂದೇಶವೊಂದಿತ್ತು: ಮಾರುಕಟ್ಟೆಯಲ್ಲಿ ಎಳೆಯ ಬೆಂಡೆಕಾಯಿ ಬಂದಿದೆ, ತರಲೋ ಬೇಡವೋ ಬೇಗ ಹೇಳು ಎಂದು. ಹಿಂದೆ ಬಸ್ಸಿನ ಗದ್ದಲ, ಅವರ ಕೆಮ್ಮು. ಮುಗಿದ ಮೇಲೆ ಅಮ್ಮ ಹುಡುಗನ ಕಡೆಗೆ ತಿರುಗಿ, “ಇದು ಅವರು ಆಡಿದ ಮಾತು ಮಗು. ನೀನು ಮಾಡುವುದು ಅವರು ಆಡದೇ ಇದ್ದದ್ದು. ಆಡದೇ ಇದ್ದದ್ದನ್ನು ಅವರ ಬಾಯಿಗೆ ತುರುಕಬೇಡ” ಎಂದು ಮತ್ತೆ ಹೂವಿನ ಬುಟ್ಟಿಗೆ ಕೈಹಾಕಿದರು. ಕಾವ್ಯಮೀಮಾಂಸೆಯನ್ನು ಓದದ ಅಮ್ಮ, ಸಂಜೀವಿನಿಗೂ ಬೇತಾಳನಿಗೂ ನಡುವೆ ಗೆರೆ ಎಳೆದಿದ್ದರು. ನನ್ನ ಆಸೆ ಅದರಿಂದ ಪೂರ್ತಿಯಾಗಿ ಅಡಗಿತೆಂದಲ್ಲ. ಆದರೆ ಆ ವಿಚಾರವನ್ನು ಮನೆಯಲ್ಲಿ ಯಾರೂ ಮತ್ತೆ ಎತ್ತಲಿಲ್ಲ.

ಇಷ್ಟಾಗಿ, ಸತ್ತವರ ಮೇಲೆ ಬದುಕದವರು ಯಾರು? ಕಚನ ಕಥೆ ನೆನಪಾಗುತ್ತದೆ. ಅವನ ಬೂದಿಯನ್ನು ರಾಕ್ಷಸರು ಮದ್ಯದಲ್ಲಿ ಬೆರೆಸಿ ಶುಕ್ರಾಚಾರ್ಯರಿಗೆ ಕುಡಿಸಿದರು. ಗುರುವಿನ ಹೊಟ್ಟೆಯೊಳಗಿದ್ದುಕೊಂಡೇ ಅವನು ಸಂಜೀವಿನೀ ವಿದ್ಯೆಯನ್ನು ಕಲಿತನು. ಹೊಟ್ಟೆಯನ್ನು ಸೀಳಿ ಹೊರಬಂದನು. ಸತ್ತುಬಿದ್ದ ಗುರುವನ್ನು ಅದೇ ವಿದ್ಯೆಯಿಂದ ಎಬ್ಬಿಸಿದನು. ಒಳಗಿದ್ದು, ಒಡಲನ್ನು ಸೀಳಿ ಬಂದವನೇ ಜೀವವನ್ನು ಮರಳಿ ಕೊಟ್ಟನು. ಎದ್ದವರು ಶುಕ್ರಾಚಾರ್ಯರೇ, ಕಚನಲ್ಲ. ಪಡೆದ ಋಣವನ್ನು ಅರಿತವನು ಬದನಿಕೆಯಾಗಿ ಉಳಿಯುವುದಿಲ್ಲವೆಂದು ಈ ಕಥೆ ನನಗೆ ಹೇಳುತ್ತದೆ.

ನನ್ನ ವೃತ್ತಿಯೂ ಇಂಥದೇ. ಸಾವಿರ ವರ್ಷಗಳಿಗೂ ಹಿಂದೆ, 941ರ ಸುಮಾರಿನಲ್ಲಿ ಪಂಪನು ಬರೆದಿಟ್ಟ ಕಾವ್ಯಗಳಿಂದ ನನ್ನ ಮನೆಯ ಒಲೆ ಉರಿಯುತ್ತದೆ. ಪರೀಕ್ಷೆಗೆ ಬೇಕಾದ ಟಿಪ್ಪಣಿಗಳನ್ನು ಪಂಪನ ಬಾಯಿಂದ ಹೇಳಿಸುವುದು ಸುಲಭ. ಆಗ ಅಲ್ಲಿ ಮಾತಾಡುವುದು ಬೇತಾಳ. ಪದ್ಯವನ್ನು ಬಿಡಿಸಿ, ಅವನು ಹೇಳಿದಷ್ಟನ್ನೇ ನಿಧಾನವಾಗಿ ಓದಿದರೆ, ಕೆಲವೊಮ್ಮೆ ಕೊನೆಯ ಬೆಂಚಿನ ಹುಡುಗಿಯೊಬ್ಬಳು ನಾನು ವಿವರಿಸುವ ಮೊದಲೇ ನಕ್ಕುಬಿಡುತ್ತಾಳೆ. ಕವಿ ಅವಳಿಗೆ ನೇರವಾಗಿ ತಾಕಿದ್ದಾನೆ. ಅಂಥ ಗಳಿಗೆಯಲ್ಲಿ ನಾನು ಪುಸ್ತಕವನ್ನು ಹಿಡಿದು ಸುಮ್ಮನೆ ನಿಲ್ಲುತ್ತೇನೆ. ಹೇಳಬೇಕಾದುದನ್ನು ಹೇಳಲು ಪಂಪನೇ ಎದ್ದು ಬಂದಿರುತ್ತಾನೆ.