ಗೆಲ್ಲದೆ ಬಂದ ಪಟ್ಟ

ಚದುರಂಗದ ಮಣೆಯ ಮೇಲೆಯೇ ಆಡುವ ಚೆಕರ್ಸ್ ಆಟದಲ್ಲಿ ಅಮೆರಿಕದ ಗಣಿತ ಪ್ರಾಧ್ಯಾಪಕ ಮೇರಿಯನ್ ಟಿನ್ಸ್ಲಿಯವರು ದಶಕಗಳ ಕಾಲ ಅಜೇಯಪ್ರಾಯರಾಗಿದ್ದರು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಜೊನಾಥನ್ ಶೆಫರ್ ಮತ್ತು ಸಂಗಡಿಗರು ರೂಪಿಸಿದ ‘ಚಿನೂಕ್’ ಎಂಬ ಗಣಕಯಂತ್ರದ ಆಟಗಾರನನ್ನು ಅವರು 1992ರಲ್ಲಿ 4–2ರಿಂದ ಸೋಲಿಸಿದರು. 1994ರ ಮರುಪಂದ್ಯದಲ್ಲಿ ಆರು ಆಟಗಳು ಸಮವಾದ ಬಳಿಕ ಅನಾರೋಗ್ಯದಿಂದ ಹಿಂದೆ ಸರಿದರು. ಪಟ್ಟ ಯಂತ್ರಕ್ಕೆ ಸಂದಿತು. ಮರುವರ್ಷ ಟಿನ್ಸ್ಲಿ ತೀರಿಕೊಂಡರು.

ರೋಗಿಯ ಕೈಯಿಂದ ಜಾರಿದ ಪಟ್ಟವನ್ನು ಜಯವೆನ್ನಲು ನನ್ನ ಮನಸ್ಸು ಒಪ್ಪದು. ಶೆಫರ್ ಅವರಾದರೋ ಅಲ್ಲಿಗೆ ನಿಲ್ಲದೆ, 1989ರಲ್ಲಿ ತೊಡಗಿದ್ದ ಲೆಕ್ಕಾಚಾರವನ್ನು ಮುಂದುವರಿಸಿದರು. ಮಣೆಯ ಮೇಲೆ ಸಂಭವಿಸಬಹುದಾದ ಸ್ಥಿತಿಗಳ ಸಂಖ್ಯೆ ಸುಮಾರು 5ರ ಮುಂದೆ 20 ಸೊನ್ನೆ! 2007ರಲ್ಲಿ ದೊರೆತ ಉತ್ತರವಿಷ್ಟು: ಇಬ್ಬರೂ ದೋಷವಿಲ್ಲದೆ ಆಡಿದರೆ ಗೆಲುವೂ ಇಲ್ಲ, ಸೋಲೂ ಇಲ್ಲ. ಆ ಆರು ಸಮ ಆಟಗಳನ್ನು ನಾನೀಗ ಬೇರೆಯೇ ಗೌರವದಿಂದ ನೋಡುತ್ತೇನೆ.