ಒಂದು ಹಲ್ಲು, ಮೂರು ಯೂನಿಟ್ಟು

ಒಂದು ಹಲ್ಲು ಹೋದರೆ ಮೂರು ಹಲ್ಲಿನ ದುಡ್ಡು ಕೊಡಬೇಕಾಗತ್ತೆ ಅನ್ನೋ ಲೆಕ್ಕ ನಿಮಗೆ ಗೊತ್ತಿತ್ತಾ? ನಂಗಂತೂ ಗೊತ್ತಿರಲಿಲ್ಲ. ಹಲ್ಲಿನ ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ನಡುವೆ ಇಲ್ಲದ ಹಲ್ಲು, ಅದರ ಆಚೆಗೊಂದು ಈಚೆಗೊಂದು ಇರೋ ಹಲ್ಲು. ಇರೋ ಎರಡನ್ನೂ ಸುತ್ತಲೂ ಸವೆಸಿ ಸಣ್ಣದು ಮಾಡಿ, ಅವಕ್ಕೆ ಟೊಪ್ಪಿ ಹಾಕಿ, ಆ ಎರಡು ಟೊಪ್ಪಿಗಳಿಗೆ ಅಂಟಿಕೊಂಡ ಹಾಗೆ ನಡುವೆ ಒಂದು ಕೃತಕ ಹಲ್ಲು. ಇದೇ ಬ್ರಿಜ್ಜು. ಲೆಕ್ಕವೆಲ್ಲ ಯೂನಿಟ್ಟಿನಲ್ಲಿ.

"ಹೋಗಿರೋದು ಒಂದೇ ಅಲ್ವಾ ಡಾಕ್ಟ್ರೇ?"

"ಹೋಗಿರೋದು ಒಂದೇ ಮೇಡಂ. ಆದ್ರೆ ಅದನ್ನ ಹೊರೋಕೆ ಇಬ್ಬರು ಬೇಕಲ್ಲ."

ದುಡ್ಡಿನ ವಿಷಯ ಆಮೇಲೆ ಹೇಗೋ ಹೊಂದಿತು. ಗಂಟಲಲ್ಲಿ ಸಿಕ್ಕಿಕೊಂಡಿದ್ದು 'ಸವೆಸಿ' ಅನ್ನೋ ಮಾತು.

ಹಲ್ಲು ಹೋದ ಕಥೆಯಲ್ಲಿ ಹೇಳುವಂಥದ್ದೇನೂ ಇಲ್ಲ. ಜೂನ್ ತಿಂಗಳು, ಶಾಲೆ ಆಗಷ್ಟೇ ಶುರುವಾಗಿತ್ತು. ಸ್ಕೂಟರಿಗೆ ನಾಯಿ ಅಡ್ಡ ಬಂತು. ತಲೆಗೆ ಹೆಲ್ಮೆಟ್ ಇತ್ತು, ಬಾಯಿಗೆ ಇರಲಿಲ್ಲ. ಮೇಲಿನ ಸಾಲಿನ ನಟ್ಟ ನಡುವಿನ ಎರಡು ದೊಡ್ಡ ಹಲ್ಲುಗಳಲ್ಲಿ ಬಲಗಡೆಯದು ಬೇರಿನ ಸಮೇತ ಸೀಳಿತ್ತು. ಅದರ ಪಕ್ಕದ ಸಣ್ಣ ಹಲ್ಲಿನ ಮೂಲೆ ಹಾರಿತ್ತು. ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಯಾರಿಗಾದರೂ ಉಪಯೋಗವಾದೀತು. ದೊಡ್ಡವರ ಹಲ್ಲು ಪೂರ್ತಿಯಾಗಿ ಕಿತ್ತು ಕೈಗೆ ಬಂದರೆ ಬೇರು ಮುಟ್ಟಬೇಡಿ, ಉಜ್ಜಬೇಡಿ. ಹಾಲಿನ ಲೋಟದಲ್ಲಿ ಹಾಕಿಕೊಂಡು ಅರ್ಧ ಮುಕ್ಕಾಲು ಗಂಟೆಯೊಳಗೆ ಡಾಕ್ಟರ ಹತ್ತಿರ ಓಡಿ. ಎಷ್ಟೋ ಸಲ ಅದೇ ಹಲ್ಲನ್ನು ಅದೇ ಗುಣಿಯಲ್ಲಿ ಮತ್ತೆ ನೆಡಬಹುದು. ನನ್ನದು ಸೀಳಿದ್ದರಿಂದ ಆ ಭಾಗ್ಯ ಇರಲಿಲ್ಲ.

ನಾನು ಮಲೆನಾಡಿನ ಒಂದು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಮಕ್ಕಳಿಗೆ ಕನ್ನಡ ಕಲಿಸೋಳು. ಬೇರೆ ಯಾವ ಕೆಲಸದಲ್ಲಾದರೂ ಬಾಯಿಗೆ ಸೆರಗು ಅಡ್ಡ ಹಿಡಿದು ದಿನ ದೂಡಬಹುದಿತ್ತು. ತ ಥ ದ ಧ ನ ಹೇಳಿಕೊಡೋಳು ಏನು ಮಾಡಬೇಕು? ದಂತ್ಯ ಅಂತ ಅವಕ್ಕೆ ಸುಮ್ಮನೆ ಹೆಸರಿಟ್ಟಿಲ್ಲ. ನಾಲಿಗೆ ಹೋಗಿ ಮುಂದಿನ ಹಲ್ಲಿನ ಹಿಂಬದಿಗೆ ತಾಗಬೇಕು. ನನ್ನ ನಾಲಿಗೆ ಹೋಗಿ ಬಾಗಿಲಿಲ್ಲದ ಮನೆ ಹೊಕ್ಕ ಹಾಗೆ ಸೀದಾ ಹೊರಗೆ ಇಣುಕೋದು. 'ಸ' ಅಂದರೆ ಕುಕ್ಕರ್ ಸೀಟಿ. ಒಸಡು, ಮೂಳೆ ಒಂದು ಹದಕ್ಕೆ ಬರೋಕೆ ಮೂರು ತಿಂಗಳು ಬೇಕು, ಅಲ್ಲಿವರೆಗೆ ಬ್ರಿಜ್ಜು ಕೂರಿಸೋಕಾಗಲ್ಲ ಅಂದ ಡಾಕ್ಟರು, ಹಾಕಿ ತೆಗೆಯೋ ಒಂದು ಪ್ಲೇಟ್ ಮಾಡಿಸಿಕೊಟ್ಟರು. ಅಂಗುಳಕ್ಕೆ ಅಂಟುವ ಗುಲಾಬಿ ಬಣ್ಣದ ತಗಡಿನಂಥದ್ದು, ತುದಿಯಲ್ಲೊಂದು ಹಲ್ಲು. ಈಗ ದಂತ್ಯ ಸರಿಯಾಯ್ತು, ಆದರೆ ಅಂಗುಳ ಮುಚ್ಚಿಹೋಗಿದ್ದರಿಂದ ಟ ಠ ಡ ಢ ಣ ಕೆಟ್ಟವು! ಒಂದು ವರ್ಗ ರಿಪೇರಿ ಮಾಡಿದರೆ ಇನ್ನೊಂದು ವರ್ಗ ಕೈಕೊಡೋದು.

ಪ್ಲೇಟ್ ಬರೋಕೆ ಮುಂಚಿನ ಒಂದು ವಾರ ಬರೀ ಬೊಚ್ಚು ಬಾಯಲ್ಲೇ ಪಾಠ. ಹೆದರಿಕೊಂಡೇ ಹೋಗಿದ್ದೆ. ಆದರೆ ಒಳಗೆ ನೋಡಿದರೆ ಅರ್ಧ ತರಗತಿಗೆ ಮುಂದಿನ ಹಲ್ಲಿಲ್ಲ! ಆರು, ಏಳು ವರ್ಷದ ಮಕ್ಕಳು. ನನ್ನನ್ನು ನೋಡಿ ಯಾರೂ ನಗಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಬಂದು ಬಾಯಿ ಹತ್ತಿರವೇ ಬಗ್ಗಿ ನೋಡಿದಳು.

"ನಿಮ್ದೂ ಬಿತ್ತಾ ಮಿಸ್?"

"ಹ್ಞೂಂ."

"ಸಗಣೀಲಿಟ್ಟು ಮಾಡಿನ ಮೇಲೆ ಎಸ್ದ್ರಾ?"

"ಇಲ್ಲ ಕಣೇ, ಡಾಕ್ಟ್ರ ಹತ್ರಾನೇ ಉಳೀತು."

"ಅಯ್ಯೋ... ಹಂಗಾದ್ರೆ ಬರಲ್ಲ ಬಿಡಿ."

ಆ ಮೂರು ತಿಂಗಳು ನಾನು ಯೋಚಿಸಿದ್ದು ಒಂದೇ ವಿಷಯ. ಬಲಗಡೆಯ ಸಣ್ಣ ಹಲ್ಲು ಹೇಗೂ ಮುಕ್ಕಾಗಿದೆ, ಅದಕ್ಕೆ ಟೊಪ್ಪಿ ಹಾಕಿದರೆ ನಷ್ಟವಿಲ್ಲ. ಎಡಗಡೆಯ ದೊಡ್ಡ ಹಲ್ಲು ಏನು ಪಾಪ ಮಾಡಿತ್ತು? ಒಂದು ಹುಳುಕಿಲ್ಲ, ಒಂದು ಗೀರಿಲ್ಲ. ಎನಾಮಲ್ ಅನ್ನೋದು ದೇಹದಲ್ಲೇ ಅತಿ ಗಟ್ಟಿ ವಸ್ತುವಂತೆ, ಮೂಳೆಗಿಂತಲೂ ಗಟ್ಟಿ. ಆದರೆ ಮೂಳೆ ಮುರಿದರೆ ಕೂಡತ್ತೆ, ಎನಾಮಲ್ ಒಂದು ಸಲ ಹೋದರೆ ಹೋಯ್ತು. ಇಂಪ್ಲಾಂಟ್ ಹಾಕಿಸಿದರೆ ಪಕ್ಕದವರ ತಂಟೆಗೆ ಹೋಗಬೇಕಿಲ್ಲ, ಮೂಳೆಗೇ ಟೈಟಾನಿಯಂ ತಿರುಪು ಕೂರಿಸ್ತಾರೆ. ಆದರೆ ನನಗೆ ಮುಂದಿನ ಮೂಳೆಯ ಗೋಡೆಯೇ ಬಿದ್ದಾಗ ಒಡೆದಿತ್ತು. ಮೊದಲು ಮೂಳೆ ತುಂಬಿಸಿ, ತಿಂಗಳುಗಟ್ಟಲೆ ಕಾದು, ಆಮೇಲೆ ತಿರುಪು. ಹಲ್ಲು ಸವೆಸದೆ ಹಿಂದಿನಿಂದ ರೆಕ್ಕೆ ಅಂಟಿಸುವ ಬ್ರಿಜ್ಜೂ ಇದೆಯಂತೆ. ನನ್ನ ಕೆಳಗಿನ ಹಲ್ಲುಗಳು ಮೇಲಿನವುಗಳ ಹಿಂಬದಿಗೆ ಆಳವಾಗಿ ಬಡಿಯೋದರಿಂದ ಅದು ಕಿತ್ತು ಬರತ್ತೆ ಅಂದರು.

ಅತ್ತೆಯದು ಬೇರೆಯೇ ವಾದ. "ಇಪ್ಪತ್ತು ವರ್ಷ ಆಯ್ತು ನಾನು ಸೆಟ್ಟು ಹಾಕ್ಕೊಂಡು, ಏನಾಗಿದೆ ಈಗ? ರಾತ್ರಿ ನೀರಿಗೆ ಹಾಕು, ಬೆಳಿಗ್ಗೆ ಬಾಯಿಗೆ ಹಾಕು." ಅವರ ಮಾತು ಸುಳ್ಳಲ್ಲ. ಆದರೆ ಅವರು ಮಕ್ಕಳ ಮುಂದೆ ನಿಂತು 'ಡಣ ಡಣ ಗಂಟೆ' ಅನ್ನಬೇಕಿರಲಿಲ್ಲವಲ್ಲ.

ರಾತ್ರಿ ಮೊಬೈಲಿನಲ್ಲಿ ಓದುತ್ತಾ ಕೂತರೆ ಇಟಲಿಯ ಎಟ್ರುಸ್ಕನ್ನರು ಸಿಕ್ಕರು. 2,500 ವರ್ಷಕ್ಕೂ ಹಿಂದೆ ಅವರು ಚಿನ್ನದ ಪಟ್ಟಿಯನ್ನು ಬಾಯಲ್ಲಿರೋ ಹಲ್ಲುಗಳಿಗೆ ಸುತ್ತಿ, ಅದರಲ್ಲಿ ಬೇರೆ ಹಲ್ಲು ಸಿಕ್ಕಿಸಿ ಖಾಲಿ ಜಾಗ ತುಂಬುತ್ತಿದ್ದರಂತೆ. ಗೋರಿಗಳಲ್ಲಿ ಸಿಕ್ಕಿವೆ. ಪಕ್ಕದವರ ಹೆಗಲ ಮೇಲೆ ಭಾರ ಹೊರಿಸೋ ಉಪಾಯ ಅಷ್ಟು ಹಳೇದು.

ದಸರಾ ರಜೆಯಲ್ಲಿ ಮಾಡಿಸಿಕೊಂಡೆ. ಸೂಜಿ ಚುಚ್ಚಿದ್ದರಿಂದ ನೋವೇನೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಸದ್ದು ಮತ್ತು ಸುಟ್ಟ ಉಗುರಿನಂಥ ವಾಸನೆ. ನಡುವೆ ಕನ್ನಡಿ ಕೇಳಿ ಇಸ್ಕೊಂಡೆ. ಕೊಡಬಾರದಿತ್ತು ಅವರು. ದೊಡ್ಡ ಹಲ್ಲಿದ್ದ ಕಡೆ ಒಂದು ಸಣ್ಣ ಗೂಟ. ಮೂವತ್ತೇಳು ವರ್ಷ ಜೊತೆಗಿದ್ದ ಹಲ್ಲು ಅದು. ಕಣ್ಣಲ್ಲಿ ನೀರು ಬಂತು. ನೋವಾಗ್ತಿದೆಯಾ ಅಂತ ಇನ್ನೊಂದು ಸೂಜಿಗೆ ರೆಡಿಯಾದರು ಡಾಕ್ಟರು.

ಆಮೇಲೆ ಅಚ್ಚು ತೆಗೆದು, ತಾತ್ಕಾಲಿಕ ಟೊಪ್ಪಿ ಅಂಟಿಸಿ, ಬಣ್ಣ ನೋಡೋಕೆ ಕಿಟಕಿ ಪಕ್ಕ ನಿಲ್ಲಿಸಿದರು. ಸೀರೆ ಅಂಗಡಿಯ ಬ್ಲೌಸ್ ಪೀಸ್ ಕಾರ್ಡಿನ ಹಾಗೆ ಹಲ್ಲಿನ ಸಾಲೊಂದು ಇರತ್ತೆ. ನಾನು ಬಿಳಿಯದಕ್ಕೆ ಕೈ ತೋರಿಸಿದೆ. "ಉಳಿದ ಹಲ್ಲು ಕಾಫಿ ಕುಡಿದಿವೆ ಮೇಡಂ, ಇದೂ ಸ್ವಲ್ಪ ಕುಡಿದ ಹಾಗೇ ಇರಲಿ" ಅಂತ ಮಾಸಲು ಬಣ್ಣವನ್ನೇ ಆರಿಸಿದರು. ವಾರದಲ್ಲಿ ಲ್ಯಾಬಿನಿಂದ ಬಂತು. ಜಿರ್ಕೋನಿಯಾದ್ದು. ಒಳಗೆ ಲೋಹವಿದ್ದರೆ ಮುಂದೆ ಒಸಡಿನ ಅಂಚಿನಲ್ಲಿ ಕಪ್ಪು ಗೆರೆ ಕಾಣಬಹುದು ಅಂತ ಅದನ್ನು ಬೇಡ ಅಂದಿದ್ದೆ.

ಬ್ರಿಜ್ಜಿಗೆ ಹುಳುಕು ಹಿಡಿಯಲ್ಲ, ಆದರೆ ಅದರ ಕೆಳಗಿರೋ ಗೂಟಕ್ಕೆ ಹಿಡಿಯತ್ತೆ. ಸುಳ್ಳು ಹಲ್ಲಿನ ತಳದಲ್ಲಿ ದಿನಾ ರಾತ್ರಿ ಗಟ್ಟಿ ತುದಿಯ ದಾರ ತೂರಿಸಿ ಎಳೀಬೇಕು, ಹೂ ಕಟ್ಟೋ ತಾಳ್ಮೆ ಬೇಕು. ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ. ಕಬ್ಬು ಸಿಗಿಯೋದು, ಪೇರಲೆ ಕಚ್ಚೋದು ಬಂದ್. ಈಗ ಯಾರಾದರೂ ಕೇಳಿದರೆ ಇಷ್ಟು ಹೇಳ್ತೀನಿ: ಪಕ್ಕದ ಹಲ್ಲುಗಳು ಮೊದಲೇ ಮುಕ್ಕಾಗಿದ್ದರೆ, ದೊಡ್ಡ ಸಿಮೆಂಟು ತುಂಬಿಸಿದ್ದರೆ ಬ್ರಿಜ್ಜು ಧಾರಾಳವಾಗಿ ಹಾಕಿಸಿ. ಅವು ಚೆನ್ನಾಗಿದ್ದರೆ ಬೇರೆ ದಾರಿ ಇದೆಯಾ ಅಂತ ಎರಡು ಸಲ ಕೇಳಿ. 'ಯೂನಿಟ್ಟು' ಅಂದಾಗ ಅದರಲ್ಲಿ ನಿಮ್ಮ ಯಾವ ಯಾವ ಹಲ್ಲು ಸೇರಿದೆ ಅಂತ ಬೆರಳು ಇಟ್ಟು ತೋರಿಸೋಕೆ ಹೇಳಿ.

ರಜೆ ಮುಗಿಸಿ ಶಾಲೆಗೆ ಹೋದ ದಿನ ಮುಂದಿನ ಸಾಲಿನ ಹುಡುಗಿಗೂ ಹೊಸ ಹಲ್ಲು ಅರ್ಧ ಇಳಿದಿತ್ತು. ಹೊಸದಾಗಿ ಬಂದ ಮುಂದಿನ ಹಲ್ಲಿನ ಅಂಚು ನೋಡಿದ್ದೀರಾ? ಸಣ್ಣ ಸಣ್ಣ ಮೂರು ಗುಬುಟು ಇರತ್ತೆ, ಕಚ್ಚಿ ತಿಂದ ಹಾಗೆ ಸವೆದು ನುಣ್ಣಗಾಗತ್ತೆ. ಅವಳು ಹತ್ತಿರ ಬಂದು ಮೊದಲು ತನ್ನದನ್ನು ತೋರಿಸಿದಳು. ಆಮೇಲೆ ನನ್ನ ಬಾಯಿ ತೆರೆಸಿ ಬಗ್ಗಿ ಬಗ್ಗಿ ನೋಡಿದಳು.

"ಮಿಸ್, ಇದು ಹೊಸ್ದಲ್ಲ. ಗರಗಸಾನೇ ಇಲ್ಲ."