ತಂಬಿಗೆಯ ಹೊಳಪು

ಮೂವತ್ತು ವರ್ಷ ಚಿತ್ರಕಲಾ ಶಿಕ್ಷಕರಾಗಿ ದುಡಿದು ನಿವೃತ್ತರಾದ ಮೇಲೆ ನಾವು ಗಣಕಯಂತ್ರದಲ್ಲಿ ಚಿತ್ರ ಬರೆಯಲು ಕುಳಿತೆವು. 2003ರಲ್ಲಿ ಬಂದ, ಉಚಿತವಾಗಿ ದೊರೆಯುವ ಇಂಕ್‌ಸ್ಕೇಪ್ ತಂತ್ರಾಂಶವೇ ನಮ್ಮ ಸಾಧನ. ಇಲ್ಲಿ ಬಿಂದುಗಳನ್ನಿಟ್ಟು, ಅವುಗಳ ನಡುವಣ ರೇಖೆಗಳನ್ನು ಬಾಗಿಸಿ, ಆಕಾರಗಳಿಗೆ ಬಣ್ಣ ತುಂಬಬೇಕು. ಇಂಥ ವೆಕ್ಟರ್ ಚಿತ್ರವು ಗಣಿತದ ಲೆಕ್ಕವಾಗಿ ಉಳಿಯುವುದರಿಂದ ಎಷ್ಟು ಹಿಗ್ಗಿಸಿದರೂ ಮಸುಕಾಗದು.

ಮನೆಯ ಹಿತ್ತಾಳೆ ತಂಬಿಗೆಯನ್ನು ಎದುರಿಗಿಟ್ಟುಕೊಂಡು ಹತ್ತು ದಿನ ಶ್ರಮಿಸಿದೆವು. ನೋಡಿದವರೆಲ್ಲ "ಚೆನ್ನಾಗಿದೆ" ಎಂದರು. ಆದರೂ ಅದು ಬಣ್ಣದ ಕಾಗದ ಕತ್ತರಿಸಿ ಅಂಟಿಸಿದಂತಿತ್ತು. ದಿನವೂ ತಂಬಿಗೆ ಬೆಳಗುವ ನಮ್ಮ ಶ್ರೀಮತಿಯವರು ಮಾತ್ರ, "ಬೆಳಕು ಎಡಗಡೆಯ ಕಿಟಕಿಯಿಂದ ಬರುತ್ತದೆ, ನೆರಳನ್ನೂ ಎಡಕ್ಕೇ ಹಾಕಿದ್ದೀರಲ್ಲ! ಬೆಳಗಿದ ಹಿತ್ತಾಳೆಯ ಹೊಳಪು ಗೆರೆ ಕೊರೆದಂತಿರುತ್ತದೆ, ಹೀಗೆ ಮಸುಕಾಗಿರದು. ಎದುರಿಗೆ ನಿಂತರೆ ನನ್ನ ಸೀರೆಯ ಕೆಂಪೂ ಅದರಲ್ಲಿ ಕಾಣುತ್ತದೆ" ಎಂದರು.

ನೆರಳನ್ನು ಬಲಕ್ಕೆ ಸರಿಸಿದೆವು. ಹೊಳಪಿನ ಅಂಚನ್ನು ಸ್ಪಷ್ಟಗೊಳಿಸಿ, ತಂಬಿಗೆಯ ಹೊಟ್ಟೆಯ ಮೇಲೆ ಕೆಂಪು ಛಾಯೆ ಮೆಲ್ಲನೆ ಕರಗುವಂತೆ ತುಂಬಿದೆವು. ಚಿತ್ರಕ್ಕೆ ಜೀವ ಬಂದಿತು.

ಅಂದು ನಮ್ಮ ಮನಸ್ಸು ಕುಟುಕಿತು. ಎಷ್ಟೋ ಮಕ್ಕಳ ಹಾಳೆಗಳ ಮೇಲೆ ಕೆಂಪು ಶಾಯಿಯಲ್ಲಿ "ಸರಿಯಿಲ್ಲ" ಎಂದಷ್ಟೇ ಬರೆದಿದ್ದೆವು. ಎಲ್ಲಿ, ಏಕೆ ಎಂದು ತೋರಿಸಿರಲಿಲ್ಲ. ಬರಿಯ ಹೊಗಳಿಕೆಯಿಂದಲೂ ಬರಿಯ ತೆಗಳಿಕೆಯಿಂದಲೂ ಕೈ ಪಳಗದು. ಈಗ ಮೊಮ್ಮಗಳು ಚಿತ್ರ ತಂದರೆ ಬೆರಳಿಟ್ಟು, "ಇಲ್ಲಿ ಬೆಳಕು ಯಾವ ಕಡೆಯಿಂದ ಬರುತ್ತಿದೆ, ಪುಟ್ಟೀ?" ಎಂದು ಕೇಳುತ್ತೇವೆ.